ಬ್ಯಾಂಕು ಮುರಿದಾಗ ಠೇವಣಿದಾರನ ಹಣ: ಸಗರನಾಡಿನ ದೃಷ್ಟಿಯಿಂದ ಒಂದು ವಿವೇಚನೆ

ಬ್ಯಾಂಕೊಂದು ಮುರಿದುಬಿದ್ದರೆ ಅದರಲ್ಲಿ ಹಣವಿಟ್ಟವನು ಆ ಹಣವನ್ನು ಕಳೆದುಕೊಳ್ಳುವನೇ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಅರ್ಥಶಾಸ್ತ್ರಕ್ಕೆ ಸೇರಿದುದಾಗಿ ತೋರುತ್ತದೆ. ಆದರೆ ಅದಕ್ಕೆ ಇಂದು ದೊರೆಯುವ ಉತ್ತರವು ಬಹುಮಟ್ಟಿಗೆ ಇತಿಹಾಸದಿಂದ ರೂಪುಗೊಂಡುದಾಗಿದೆ. ಈಗ ಠೇವಣಿದಾರನಿಗೆ ಇರುವ ರಕ್ಷಣೆಯ ಒಂದೊಂದು ನಿಯಮವೂ ಯಾವುದೋ ಒಂದು ಬ್ಯಾಂಕು ಬಾಗಿಲು ಮುಚ್ಚಿದ ಮೇಲೆ, ಅದರ ಗ್ರಾಹಕರು ಕಷ್ಟಕ್ಕೊಳಗಾದ ಮೇಲೆ, ಶಾಸನವಾಗಿ ಬಂದುದು. ಆದುದರಿಂದ ಈ ವಿಷಯವನ್ನು ಇತಿಹಾಸ ವಿಭಾಗದವರಾದ ನಾವು ಕೈಗೆತ್ತಿಕೊಳ್ಳುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಸುರಪುರ, ಶಹಾಪುರ, ಯಾದಗಿರಿಗಳನ್ನೊಳಗೊಂಡ ಸಗರನಾಡನ್ನು ದೃಷ್ಟಿಯಲ್ಲಿರಿಸಿಕೊಂಡು ಈ ವಿವೇಚನೆಯನ್ನು ನಡೆಸಲು ಕಾರಣವಿದೆ. ಕೃಷ್ಣಾ ಭೀಮಾ ನದಿಗಳ ಈ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯದಲ್ಲಿ ಸೇರಿತು; 2009ರ ಡಿಸೆಂಬರಿನಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಯಿತು. ನಾರಾಯಣಪುರದ ಬಸವಸಾಗರದಿಂದ ಕಾಲುವೆಯ ನೀರು ಬಂದ ಮೇಲೆ ಇಲ್ಲಿನ ಒಂದು ಭಾಗದ ರೈತರ ಕೈಯಲ್ಲಿ ಬತ್ತ, ಹತ್ತಿ, ಮೆಣಸಿನಕಾಯಿಗಳ ಹಣ ಓಡಾಡತೊಡಗಿದೆ. ನೀರಿಲ್ಲದ ಭಾಗದವರು ಬೆಂಗಳೂರಿಗೂ ಇತರ ನಗರಗಳಿಗೂ ಕಟ್ಟಡದ ಕೆಲಸಕ್ಕೆ ಹೋಗಿ ಗಳಿಸಿದ್ದನ್ನು ಊರಿಗೆ ತರುತ್ತಾರೆ. ಈ ಎರಡೂ ಬಗೆಯ ಹಣವು ಸೇರುವ ತಾಣಗಳು ಅನೇಕ: ಸ್ಟೇಟ್ ಬ್ಯಾಂಕಿನ ಶಾಖೆ, ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಊರಿನ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ. ಜನರ ಬಾಯಲ್ಲಿ ಇವೆಲ್ಲವೂ ‘ಬ್ಯಾಂಕು’. ಕಾನೂನಿನ ಕಣ್ಣಿಗೆ ಮಾತ್ರ ಇವೆಲ್ಲವೂ ಬ್ಯಾಂಕುಗಳಲ್ಲ; ಠೇವಣಿದಾರನ ಲಾಭನಷ್ಟಗಳೆಲ್ಲ ಈ ಭೇದವನ್ನೇ ಅವಲಂಬಿಸಿವೆ ಎಂಬುದು ಮುಂದೆ ಸ್ಪಷ್ಟವಾಗುವುದು.

ಮೊದಲು ಠೇವಣಿ ಎಂದರೇನು ಎಂಬುದನ್ನು ತಿಳಿಯಬೇಕು. ನಾವು ಬ್ಯಾಂಕಿನಲ್ಲಿ ಹಣವನ್ನು ‘ಇಟ್ಟಿದ್ದೇವೆ’ ಎನ್ನುತ್ತೇವೆ. ಪೆಟ್ಟಿಗೆಯಲ್ಲಿ ಒಡವೆಯನ್ನಿಟ್ಟ ಹಾಗೆ ಅದು ಅಲ್ಲಿಯೇ ಇದೆಯೆಂಬ ಭಾವನೆ ಈ ಮಾತಿನಲ್ಲಿ ಅಡಗಿದೆ. ಆದರೆ ಇಂಗ್ಲೆಂಡಿನ ಉಚ್ಚ ನ್ಯಾಯಪೀಠವು 1848ರಲ್ಲಿ ಫೋಲಿ ಮತ್ತು ಹಿಲ್ ಎಂಬುವರ ವ್ಯಾಜ್ಯದಲ್ಲಿ ನಿರ್ಣಯಿಸಿದಂತೆ, ಬ್ಯಾಂಕಿಗೆ ಕೊಟ್ಟ ಹಣವು ಕೊಟ್ಟ ಕ್ಷಣದಿಂದ ಬ್ಯಾಂಕಿನದಾಗುತ್ತದೆ. ಅಷ್ಟೇ ಹಣವನ್ನು ಕೇಳಿದಾಗ ಹಿಂದಿರುಗಿಸುವ ಋಣವೊಂದು ಮಾತ್ರ ಬ್ಯಾಂಕಿನ ಮೇಲೆ ಉಳಿಯುತ್ತದೆ. ನಮ್ಮ ದೇಶದ ಕಾನೂನೂ ಇದನ್ನೇ ಅನುಸರಿಸಿದೆ. ಎಂದರೆ ಠೇವಣಿದಾರನು ಒಬ್ಬ ಸಾಲಗಾರನಿಗೆ ಸಾಲ ಕೊಟ್ಟವನು. ಅದೂ ಅಡವಿಲ್ಲದೆ ಕೊಟ್ಟವನು. ಬ್ಯಾಂಕು ದಿವಾಳಿಯಾದಾಗ ಅವನು ತನ್ನ ಒಡವೆಯನ್ನು ಕೇಳಲು ಬಂದವನಾಗಿರದೆ ಸಾಲಿಗನಾಗಿ ಸರದಿಯಲ್ಲಿ ನಿಲ್ಲಬೇಕಾಗುತ್ತದೆ.

ಸಾಲ ಕೊಟ್ಟು ಬಡ್ಡಿ ಪಡೆಯುವ ಇಂಥ ಇಡುಗಂಟಿನ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ದೇವಾಲಯದ ನಂದಾದೀವಿಗೆಗೋ ನೈವೇದ್ಯಕ್ಕೋ ಇಷ್ಟು ಗದ್ಯಾಣಗಳನ್ನು ಊರ ಮಹಾಜನರ ವಶಕ್ಕೆ ಕೊಟ್ಟು, ಅದರ ಬಡ್ಡಿಯಿಂದ ಧರ್ಮವು ನಡೆಯತಕ್ಕದ್ದೆಂದು ವಿಧಿಸುವ ಶಾಸನಗಳು ಚಾಲುಕ್ಯರ ಕಾಲದಿಂದ ಧಾರಾಳವಾಗಿ ದೊರೆತಿವೆ. ಅಲ್ಲಿ ಅಸಲಿಗೆ ರಕ್ಷಣೆಯಾಗಿದ್ದುದು ಶಾಸನದ ಕೊನೆಯ ಶಾಪವಾಕ್ಯ: ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ಆ ಕಾಲಕ್ಕೆ ಇದು ದುರ್ಬಲವಾದ ಭದ್ರತೆಯಾಗಿರಲಿಲ್ಲವೆಂದೇ ನಮ್ಮ ಅಭಿಪ್ರಾಯ. ಕೊಟ್ಟವನು, ಪಡೆದವನು, ಸಾಕ್ಷಿಗಳು ಎಲ್ಲರೂ ಒಂದೇ ಊರಿನವರಾಗಿದ್ದು, ಲೆಕ್ಕವು ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತಿದ್ದಿತು.

ನಿಜಾಮರ ಸೀಮೆಯಲ್ಲಿ ಆಧುನಿಕ ರೀತಿಯ ಮೊದಲ ದೊಡ್ಡ ಪತನವು ಹೈದರಾಬಾದಿನ ವಿಲಿಯಂ ಪಾಮರ್ ಕಂಪನಿಯದು. 19ನೆಯ ಶತಮಾನದ ಎರಡನೆಯ ದಶಕದಲ್ಲಿ ಬೆಳೆದ ಈ ಸಾಹುಕಾರಿ ಸಂಸ್ಥೆಯು ನಿಜಾಮ ಸರಕಾರಕ್ಕೆ, ಮುಖ್ಯವಾಗಿ ಸೈನ್ಯದ ಸಂಬಳಕ್ಕಾಗಿ, ಭಾರಿ ಬಡ್ಡಿಯಲ್ಲಿ ಸಾಲ ಕೊಟ್ಟು, ಅದಕ್ಕೆ ಪ್ರತಿಯಾಗಿ ಪ್ರಾಂತಗಳ ಕಂದಾಯವನ್ನು ಬರೆಸಿಕೊಳ್ಳುತ್ತಿದ್ದಿತು. ದಿವಾನ ಚಂದೂಲಾಲನ ಬೆಂಬಲವೂ ಗವರ್ನರ್ ಜನರಲ್ ಹೇಸ್ಟಿಂಗ್ಸನ ಒಪ್ಪಿಗೆಯೂ ಅದಕ್ಕಿದ್ದವು. ಹೇಸ್ಟಿಂಗ್ಸನು ಸಾಕಿದ ಹೆಣ್ಣುಮಗಳನ್ನು ಮದುವೆಯಾದ ರಂಬೋಲ್ಡನು ಕಂಪನಿಯ ಪಾಲುದಾರನಾಗಿದ್ದನು. 1820ರಲ್ಲಿ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫನು ಈ ವ್ಯವಹಾರವು ರಾಜ್ಯವನ್ನು ಹೀರುತ್ತಿದೆಯೆಂದು ವಿರೋಧಿಸಿದನು. ಉತ್ತರ ಸರ್ಕಾರುಗಳಿಗಾಗಿ ಇಂಗ್ಲಿಷರು ನಿಜಾಮನಿಗೆ ವರ್ಷವರ್ಷವೂ ಸಲ್ಲಿಸಬೇಕಾಗಿದ್ದ 7 ಲಕ್ಷ ರೂಪಾಯಿಗಳ ಪೇಷ್ಕಷನ್ನು ಒಮ್ಮೆಲೇ ಇಡಿಗಂಟಾಗಿ ಕೊಡಿಸಿ, 1823ರಲ್ಲಿ ಕಂಪನಿಯ ಬಾಕಿಯನ್ನು ತೀರಿಸಲಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಬಾಕಿ ಕೈಸೇರಿದ ಮರುವರ್ಷವೇ, 1824ರಲ್ಲಿ, ಕಂಪನಿಯು ಮುರಿಯಿತು. ದೊಡ್ಡ ಸಾಲವು ಬಾರದೆ ಹೋದುದರಿಂದಲೇ ಸಾಹುಕಾರನು ಮುಳುಗುತ್ತಾನೆಂಬ ಸಾಮಾನ್ಯ ನಂಬಿಕೆಗೆ ಇದು ಅಪವಾದ. ಸರಕಾರದ ಕೃಪೆಯು ತಪ್ಪಿದ ಮೇಲೆ ಜನರ ವಿಶ್ವಾಸವೂ ತಪ್ಪಿತು. ಠೇವಣಿಯ ಮೇಲೆ ನಿಂತ ಸಂಸ್ಥೆಗೆ ವಿಶ್ವಾಸಕ್ಕಿಂತ ಬೇರೆ ಮೂಲಧನವಿಲ್ಲ. ಹಣವಿಟ್ಟವರಿಗೆ ಆಗ ವಿಮೆಯಾಗಲಿ ಮೇಲ್ವಿಚಾರಕ ಸಂಸ್ಥೆಯಾಗಲಿ ಇರಲಿಲ್ಲ. ಅವರಿಗೆ ಉಳಿದುದು ವ್ಯಾಜ್ಯದ ದಾರಿಯೊಂದೇ.

ಈ ಕಥೆಗೂ ಸಗರನಾಡಿಗೂ ಒಂದು ನೆಂಟಸ್ತಿಕೆಯಿದೆ. ಸುರಪುರದ ರಾಜಾ ವೆಂಕಟಪ್ಪ ನಾಯಕನು ಬಾಲಕನಾಗಿದ್ದಾಗ 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಇದೇ ವಿಲಿಯಂ ಪಾಮರನ ಅಳಿಯ. ಟೇಲರನು 15 ವರ್ಷದ ಹುಡುಗನಾಗಿ ಇಂಡಿಯಾಕ್ಕೆ ಬಂದುದು ಮುಂಬಯಿಯ ಬಾಕ್ಸ್ಟರ್ ಎಂಬ ವರ್ತಕನ ಬಳಿ ಗುಮಾಸ್ತನಾಗಲು. ಬಂದು ನೋಡಿದರೆ ಆ ವರ್ತಕನ ವ್ಯವಹಾರವೇ ಕುಸಿದಿದ್ದಿತು. ಹೀಗಾಗಿ ಅವನು 1824ರಲ್ಲಿ, ಪಾಮರ್ ಕಂಪನಿ ಮುರಿದ ವರ್ಷದಲ್ಲಿಯೇ, ನಿಜಾಮನ ಸೈನ್ಯವನ್ನು ಸೇರಿದನು. ಎರಡು ಮುರಿದ ಮನೆತನಗಳ ನೆರಳಿನಲ್ಲಿ ಬೆಳೆದ ಈ ಅಧಿಕಾರಿಯು ಸುರಪುರದಲ್ಲಿ ಹೆಚ್ಚಾಗಿ ಹೆಣಗಬೇಕಾದುದೂ ಸಂಸ್ಥಾನದ ಬಾಕಿ ಮತ್ತು ನಜರಾಣೆಯ ಲೆಕ್ಕಗಳೊಡನೆಯೇ. ಟೇಲರನ ಬಂಗಲೆಯನ್ನು ತೋರಿಸಲು ಸುರಪುರಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಈ ಸಂಗತಿಯನ್ನೂ ಹೇಳಿದರೆ ಒಳ್ಳೆಯದು.

ಮುಂದಿನ ನೂರು ವರ್ಷಗಳಲ್ಲಿ ಇಲ್ಲಿನ ಸಾಮಾನ್ಯ ರೈತನಿಗೆ ಬ್ಯಾಂಕಿನ ಪತನದ ಭಯವಿರಲಿಲ್ಲ, ಬ್ಯಾಂಕೇ ಇರಲಿಲ್ಲ. ಅವನ ಉಳಿತಾಯವೆಂದರೆ ಹಗೇವಿನಲ್ಲಿ ಹಾಕಿದ ಜೋಳ, ಮನೆಯ ಹೆಂಗಸರ ಮೈಮೇಲಿನ ಬೆಳ್ಳಿ, ದನಕರು. ಮಿಕ್ಕ ಲೆಕ್ಕವು ಸಾಹುಕಾರನ ಕಿರ್ದಿಯಲ್ಲಿ, ಹೆಚ್ಚಾಗಿ ರೈತನೇ ಕೊಡಬೇಕಾದ ಬದಿಯಲ್ಲಿ, ಇರುತ್ತಿದ್ದಿತು. 1941ರ ಕಾಯಿದೆಯಂತೆ ಸ್ಥಾಪಿತವಾದ ಹೈದರಾಬಾದ್ ಸ್ಟೇಟ್ ಬ್ಯಾಂಕು 1942ರ ಏಪ್ರಿಲ್ 5ರಂದು ಕೆಲಸವನ್ನಾರಂಭಿಸಿತು. ಸಂಸ್ಥಾನದ ನಾಣ್ಯವಾದ ಹಾಲಿ ಸಿಕ್ಕಾದ ವ್ಯವಸ್ಥೆಯೂ ಅದರ ಕೈಯಲ್ಲಿದ್ದಿತು. ವಿಲೀನದ ಅನಂತರ ಭಾರತದ ರೂಪಾಯಿಯು ಬಂದಾಗ 7 ಹಾಲಿ ರೂಪಾಯಿಗೆ 6 ರೂಪಾಯಿಯ ದರ ಗೊತ್ತಾಗಿದ್ದಿತು. ‘7 ಇಟ್ಟದ್ದು 6 ಆಯಿತು’ ಎಂದು ಅಂದಿನವರಿಗೆ ತೋರಿದ್ದರೆ ಸಹಜವೇ. ಆದರೆ ಹಾಲಿಗೂ ಬ್ರಿಟಿಷ್ ಕಲ್ದಾರಕ್ಕೂ ಮೊದಲಿನಿಂದಲೇ ಬೆಲೆಯ ಅಂತರವಿದ್ದುದರಿಂದ ಅದು ನಷ್ಟವಾಗಿರಲಿಲ್ಲ, ಲೆಕ್ಕದ ಬದಲಾವಣೆಯಾಗಿದ್ದಿತು.

ಬ್ಯಾಂಕು ಇಲ್ಲವಾದರೂ ಠೇವಣಿ ಇಲ್ಲವಾಗದ ಪರಿಗೆ ಈ ಸೀಮೆಯಲ್ಲಿಯೇ ಉದಾಹರಣೆಗಳಿವೆ. ಮರ್ಕಂಟೈಲ್ ಬ್ಯಾಂಕ್ ಆಫ್ ಹೈದರಾಬಾದ್ 1953ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ಹೈದರಾಬಾದಿನ ಹಳೆಯ ಸಾಹುಕಾರಿ ಮನೆತನದಿಂದ ಬೆಳೆದ ಜಿ. ರಘುನಾಥಮಲ್ ಬ್ಯಾಂಕು 1961ರಲ್ಲಿ ಕೆನರಾ ಬ್ಯಾಂಕಿಗೆ ಸೇರಿತು. ಹೈದರಾಬಾದ್ ಸ್ಟೇಟ್ ಬ್ಯಾಂಕು ತಾನೇ 1956ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂಬ ಹೆಸರನ್ನು ಪಡೆದು, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಗಿ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿ, 2025ರ ಮೇ ತಿಂಗಳಲ್ಲಿ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು. ಹಲಗೆಯ ಮೇಲಿನ ಹೆಸರು ಬದಲಾದಾಗಲೆಲ್ಲ ಹಳ್ಳಿಗಳಲ್ಲಿ ಆತಂಕ ಮೂಡುವುದುಂಟು. ಅದಕ್ಕೆ ಆಧಾರವಿಲ್ಲ, ವಿಲೀನದಲ್ಲಿ ಠೇವಣಿಯ ಋಣವು ಇಡಿಯಾಗಿ ಹೊಸ ಬ್ಯಾಂಕಿಗೆ ವರ್ಗವಾಗುತ್ತದೆ.

ವಿಲೀನಕ್ಕೆ ಅವಕಾಶವಿಲ್ಲದಂತೆ ಮುರಿದ ಬ್ಯಾಂಕುಗಳ ಮಾತು ಬೇರೆ. ದಕ್ಷಿಣ ಭಾರತದಲ್ಲಿ ಮರೆಯಲಾಗದ ಪತನವೆಂದರೆ 1906ರ ಅಕ್ಟೋಬರ್ 22ರಂದು ದಿವಾಳಿಯೆಂದು ಘೋಷಿಸಿಕೊಂಡ ಮದರಾಸಿನ ಅರ್ಬತ್ನಾಟ್ ಕಂಪನಿಯದು. ನಿವೃತ್ತ ನೌಕರರು, ವಿಧವೆಯರು, ವಕೀಲರು ತಮ್ಮ ಜೀವಮಾನದ ಗಳಿಕೆಯನ್ನು ಅಲ್ಲಿಟ್ಟಿದ್ದರು. ಕಂಪನಿಯ ಮುಖ್ಯಸ್ಥನಾದ ಸರ್ ಜಾರ್ಜ್ ಅರ್ಬತ್ನಾಟನಿಗೆ ಸೆರೆವಾಸವಾಯಿತು. ಆದರೆ ಮುಖ್ಯಸ್ಥನು ಸೆರೆಗೆ ಹೋದುದರಿಂದ ಠೇವಣಿದಾರನ ಕೈಗೆ ಹಣವೇನೂ ಬರುವುದಿಲ್ಲವೆಂಬುದು ಆಗಲೇ ಜನರಿಗೆ ತಿಳಿಯಿತು. ಈ ಆಘಾತದಿಂದ 1907ರಲ್ಲಿ ಇಂಡಿಯನ್ ಬ್ಯಾಂಕು ಹುಟ್ಟಿತು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದುದಕ್ಕೂ ಇದೇ ಪತನವು ಪ್ರೇರಣೆಯೆಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಲಾಗದು. ಆ ಫಂಡು ಆರಂಭವಾದುದು 1906ರ ಜುಲೈ 1ರಂದು, ಎಂದರೆ ಪತನಕ್ಕಿಂತ ಸುಮಾರು 4 ತಿಂಗಳು ಮೊದಲು.

1949ರಲ್ಲಿ ಬ್ಯಾಂಕಿಂಗ್ ಕಂಪನಿಗಳ ಕಾಯಿದೆ ಬಂದು ರಿಜರ್ವ್ ಬ್ಯಾಂಕಿಗೆ ಮೇಲ್ವಿಚಾರಣೆಯ ಅಧಿಕಾರ ದೊರೆಯಿತು. ದಿವಾಳಿಯಾದ ಬ್ಯಾಂಕಿನಿಂದ ಸಣ್ಣ ಉಳಿತಾಯ ಖಾತೆಯವರಿಗೆ 250 ರೂಪಾಯಿಯವರೆಗೆ ಮೊದಲು ಕೊಡತಕ್ಕದ್ದೆಂಬ ಕಲಮು ಆ ಕಾಯಿದೆಯಲ್ಲಿ ಆಮೇಲೆ ಸೇರಿತು. ಆದರೆ ಬ್ಯಾಂಕಿನ ಬಳಿ ಇದ್ದ ಹಣದಿಂದಲೇ ಅದನ್ನು ಕೊಡಬೇಕಾಗಿದ್ದುದರಿಂದ ಅದು ನಿಜವಾದ ಖಾತರಿಯಾಗಿರಲಿಲ್ಲ. ಕೇರಳದಲ್ಲಿ 1927ರಲ್ಲಿ ಸ್ಥಾಪಿತವಾಗಿ ಆ ರಾಜ್ಯದ ಅತಿದೊಡ್ಡ ಬ್ಯಾಂಕಾಗಿದ್ದ ಪಾಲೈ ಸೆಂಟ್ರಲ್ ಬ್ಯಾಂಕನ್ನು 1960ರ ಆಗಸ್ಟ್ 8ರಂದು ರಿಜರ್ವ್ ಬ್ಯಾಂಕೇ ನ್ಯಾಯಾಲಯಕ್ಕೆ ಹೋಗಿ ಮುಚ್ಚಿಸಿದಾಗ ದೇಶವೇ ಬೆಚ್ಚಿತು. ಅದೇ ವರ್ಷ ಅಕೋಲಾದ ಲಕ್ಷ್ಮೀ ಬ್ಯಾಂಕೂ ಮುರಿದಿದ್ದಿತು. ಇದರ ಫಲವಾಗಿ ಎರಡು ಉಪಾಯಗಳು ರೂಪುಗೊಂಡವು. ದುರ್ಬಲ ಬ್ಯಾಂಕುಗಳ ಪಾವತಿಯನ್ನು ಕೆಲಕಾಲ ತಡೆದು ಅವನ್ನು ಬಲವಾದ ಬ್ಯಾಂಕುಗಳಲ್ಲಿ ಕಡ್ಡಾಯವಾಗಿ ಸೇರಿಸುವ ಅಧಿಕಾರವು ಒಂದು. 1961ರ ಕಾಯಿದೆಯಂತೆ 1962ರ ಜನವರಿ 1ರಂದು ಆರಂಭವಾದ ಠೇವಣಿ ವಿಮೆ ಮತ್ತೊಂದು. ಅಮೆರಿಕದಲ್ಲಿ 1933ರ ಶಾಸನದಿಂದ ಇಂಥ ವಿಮೆ ಬಂದಿದ್ದಿತು. ಅದನ್ನು ಬೇಗನೆ ಅನುಸರಿಸಿದ ದೇಶಗಳಲ್ಲಿ ನಮ್ಮದೂ ಒಂದು.

ವಿಮೆಯ ಮಿತಿಯು ಆರಂಭದಲ್ಲಿ 1,500 ರೂಪಾಯಿ. 1968ರಲ್ಲಿ ಅದು 5,000, 1970ರಲ್ಲಿ 10,000, 1976ರಲ್ಲಿ 20,000, 1980ರಲ್ಲಿ 30,000, 1993ರ ಮೇ 1ರಿಂದ 1 ಲಕ್ಷ ರೂಪಾಯಿಯಾಯಿತು. ಆಮೇಲೆ 26 ವರ್ಷಗಳಿಗೂ ಹೆಚ್ಚು ಕಾಲ ಅದು ಕದಲಲಿಲ್ಲ. ಈ ಅವಧಿಯಲ್ಲಿ ರೂಪಾಯಿಯ ಬೆಲೆ ಎಷ್ಟು ಇಳಿಯಿತೆಂಬುದನ್ನು ನೆನೆದರೆ, ಕಾಗದದ ಮೇಲೆ ಸ್ಥಿರವಾಗಿದ್ದ ರಕ್ಷಣೆಯು ವಸ್ತುತಃ ವರ್ಷವರ್ಷವೂ ಕರಗುತ್ತಿದ್ದಿತೆಂದು ಹೇಳಬೇಕಾಗುತ್ತದೆ. 2020ರ ಫೆಬ್ರವರಿ 4ರಿಂದ ಮಿತಿಯು 5 ಲಕ್ಷಕ್ಕೆ ಏರಿತು. ಇದಕ್ಕೂ ಒಂದು ಪತನವೇ ಬೇಕಾಯಿತು: 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ವ್ಯವಹಾರವನ್ನು ತಡೆದು, ಒಬ್ಬೊಬ್ಬ ಗ್ರಾಹಕನಿಗೆ ಮೊದಲು 1,000 ರೂಪಾಯಿ ಮಾತ್ರ ತೆಗೆಯಲು ಬಿಟ್ಟ ಪ್ರಸಂಗವದು.

ಈ 5 ಲಕ್ಷದ ಲೆಕ್ಕವನ್ನು ತಪ್ಪಾಗಿ ತಿಳಿಯುವವರು ವಿದ್ಯಾವಂತರಲ್ಲಿಯೂ ಇದ್ದಾರೆ. ಮಿತಿಯು ಒಂದೊಂದು ಖಾತೆಗೆ ಇರುವುದಲ್ಲ; ಒಂದು ಬ್ಯಾಂಕಿನಲ್ಲಿ ಒಬ್ಬ ವ್ಯಕ್ತಿಗೆ ಇರುವುದು. ಶಹಾಪುರದ ಶಾಖೆಯಲ್ಲಿ 3 ಲಕ್ಷ, ಯಾದಗಿರಿಯ ಶಾಖೆಯಲ್ಲಿ 4 ಲಕ್ಷ ಇಟ್ಟವನು ಆ ಬ್ಯಾಂಕಿನಲ್ಲಿ 7 ಲಕ್ಷ ಇಟ್ಟವನೇ. ಅವನಿಗೆ ವಿಮೆಯಿಂದ ಬರುವುದು 5 ಲಕ್ಷ. ಅದನ್ನೇ ಎರಡು ಬೇರೆ ಬ್ಯಾಂಕುಗಳಲ್ಲಿಟ್ಟಿದ್ದರೆ ಪೂರ್ತಿ 7 ಲಕ್ಷಕ್ಕೂ ರಕ್ಷಣೆ. ಅಸಲು ಬಡ್ಡಿಗಳೆರಡೂ ಸೇರಿಯೇ ಮಿತಿ. 4,80,000 ಅಸಲಿಗೆ 30,000 ಬಡ್ಡಿ ಕೂಡಿದ್ದರೆ 10,000 ಹೊರಗುಳಿಯುತ್ತದೆ. ಅದೇ ಬ್ಯಾಂಕಿಗೆ ಅವನು ಕೊಡಬೇಕಾದ ಸಾಲವಿದ್ದರೆ ಅದನ್ನು ಮೊದಲು ಕಳೆಯಲಾಗುತ್ತದೆ. ಬೆಳೆಸಾಲ ಪಡೆದ ರೈತರು ಇದನ್ನು ಅವಶ್ಯವಾಗಿ ತಿಳಿದಿರಬೇಕು. ವಿಮೆಯ ಕಂತನ್ನು ಬ್ಯಾಂಕೇ ಕಟ್ಟತಕ್ಕದ್ದು, ಗ್ರಾಹಕನಿಂದ ವಸೂಲು ಮಾಡಕೂಡದು. ಮೇಲೆ ಹೇಳಿದ ವಿಲೀನಗಳಿಗೂ ಇಲ್ಲೊಂದು ಸೂಕ್ಷ್ಮ ಪರಿಣಾಮವಿದೆ. 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿದ ಮೇಲೆ, ಎರಡರಲ್ಲಿಯೂ ನಾಲ್ಕುನಾಲ್ಕು ಲಕ್ಷ ಇಟ್ಟಿದ್ದವನ ಹಣ ಒಂದೇ ಬ್ಯಾಂಕಿನದಾಯಿತು. ಅಂಥ ದೊಡ್ಡ ಸರಕಾರಿ ಬ್ಯಾಂಕು ಮುರಿಯುವ ಸಂಭವ ದೂರದ್ದಾದುದರಿಂದ ಇದು ಚಿಂತೆಯ ವಿಷಯವಲ್ಲ. ಆದರೆ ಲೆಕ್ಕವು ಲೆಕ್ಕವೇ.

ಹಣವು ಸಿಕ್ಕುವುದೇ ಎಂಬ ಪ್ರಶ್ನೆಯ ಜೊತೆಗೆ ಯಾವಾಗ ಸಿಕ್ಕುವುದೆಂಬ ಪ್ರಶ್ನೆಯೂ ಇದೆ. ನಮ್ಮ ಅಭಿಪ್ರಾಯದಲ್ಲಿ ಇತ್ತೀಚಿನವರೆಗೆ ಠೇವಣಿದಾರನ ನಿಜವಾದ ನಷ್ಟವು ಇಲ್ಲಿಯೇ ಅಡಗಿದ್ದಿತು. 1961ರ ಕಾಯಿದೆಯಂತೆ ವಿಮೆಯ ಹಣ ಬರಬೇಕಾದರೆ ಬ್ಯಾಂಕು ಕ್ರಮಬದ್ಧವಾಗಿ ‘ಸಾಯ’ಬೇಕಾಗಿದ್ದಿತು. ಲೈಸೆನ್ಸು ರದ್ದಾಗಿ, ಲಿಕ್ವಿಡೇಟರನು ನೇಮಕವಾಗಿ, ಅವನು ಪಟ್ಟಿಯನ್ನು ಸಲ್ಲಿಸಬೇಕು. ಆದರೆ ರಿಜರ್ವ್ ಬ್ಯಾಂಕು ಸಾಮಾನ್ಯವಾಗಿ ಮೊದಲು ಮಾಡುವುದು ನಿರ್ಬಂಧದ ಆಜ್ಞೆಯನ್ನು ಹೊರಡಿಸುವುದು. ಆಗ ಬ್ಯಾಂಕು ಸತ್ತಿರುವುದಿಲ್ಲ, ಬದುಕಿಯೂ ಇರುವುದಿಲ್ಲ. ಪುಣೆಯ ರೂಪೀ ಸಹಕಾರಿ ಬ್ಯಾಂಕು 2013ರಿಂದ 2022ರವರೆಗೆ ಈ ಸ್ಥಿತಿಯಲ್ಲಿದ್ದಿತು. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ಒಬ್ಬೊಬ್ಬರಿಗೆ 35,000 ರೂಪಾಯಿ ಮಾತ್ರ ತೆಗೆಯಲು ಅನುಮತಿ ದೊರೆಯಿತು. ಹಿರಿಯ ನಾಗರಿಕರು ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟು ಅದರ ಬಡ್ಡಿಯಿಂದ ಜೀವಿಸುತ್ತಿದ್ದರು. ಅಸಲು ಮುಂದೆ ಎಂದೋ ಬರುವುದೆಂಬ ಭರವಸೆಯಿಂದ ಔಷಧದ ಖರ್ಚು ನಡೆಯಲಾರದು.

ಇಂಥ ಪ್ರಕರಣಗಳ ಒತ್ತಡದಿಂದ 2021ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಅದೇ ವರ್ಷದ ಸೆಪ್ಟೆಂಬರ್ 1ರಿಂದ, ಬ್ಯಾಂಕಿನ ಮೇಲೆ ಹಣ ತೆಗೆಯುವ ನಿರ್ಬಂಧ ಬಿದ್ದ 90 ದಿನಗಳಲ್ಲಿ ವಿಮೆಯ ಹಣವನ್ನು ಕೊಡತಕ್ಕದ್ದೆಂದು ಗೊತ್ತಾಯಿತು. ಮೊದಲ 45 ದಿನ ಬ್ಯಾಂಕು ಪಟ್ಟಿಯನ್ನು ಸಲ್ಲಿಸಲು, ಉಳಿದ 45 ದಿನ ನಿಗಮವು ಪರಿಶೀಲಿಸಿ ಪಾವತಿ ಮಾಡಲು. ಬ್ಯಾಂಕನ್ನು ಬೇರೊಂದರಲ್ಲಿ ಸೇರಿಸುವ ಯತ್ನ ನಡೆದಿದ್ದರೆ ಮತ್ತೆ 90 ದಿನ ಬೆಳೆಸಬಹುದು. ಈ ಹೊಸ ಕಲಮಿನ ಕೆಳಗೆ ಮೊದಲ ಬಾರಿ ಪಟ್ಟಿಗೆ ಬಂದ ಬ್ಯಾಂಕುಗಳು 21. ಅವುಗಳಲ್ಲಿ 5 ಕರ್ನಾಟಕದವು: ಬೆಂಗಳೂರಿನ ಗುರು ರಾಘವೇಂದ್ರ, ದಾವಣಗೆರೆಯ ಮಿಲ್ಲತ್, ಬಾಗಲಕೋಟೆ ಜಿಲ್ಲೆಯ ಮುಧೋಳ ಸಹಕಾರಿ ಬ್ಯಾಂಕು, ವಿಜಯಪುರದ ಡೆಕ್ಕನ್ ಅರ್ಬನ್, ಬೀದರ ಮಹಿಳಾ ಅರ್ಬನ್. ಸಗರನಾಡಿನ ವಾಚಕರು ಕೊನೆಯ ಮೂರು ಹೆಸರುಗಳನ್ನು ಗಮನಿಸಬೇಕು. ಅವು ನಮ್ಮ ನೆರೆಹೊರೆಯವು. ಮುಧೋಳ ಮತ್ತು ವಿಜಯಪುರದ ಬ್ಯಾಂಕುಗಳ ಲೈಸೆನ್ಸುಗಳು 2022ರಲ್ಲಿ ರದ್ದಾದವು. ಮುಧೋಳದ ಠೇವಣಿದಾರರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮಂದಿ ಪೂರ್ತಿ ಹಣಕ್ಕೆ ಅರ್ಹರೆಂದು ರಿಜರ್ವ್ ಬ್ಯಾಂಕು ಪ್ರಕಟಿಸಿತು.

ಈ ಶೇಕಡಾವಾರು ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಇದು ತಲೆಗಳ ಲೆಕ್ಕ, ಹಣದ ಲೆಕ್ಕವಲ್ಲ. ಚಿಲ್ಲರೆ ಖಾತೆಗಳು ಸಾವಿರಾರು ಇದ್ದು ದೊಡ್ಡ ಠೇವಣಿಗಳು ಹತ್ತಾರು ಇದ್ದರೆ, ತಲೆಗಳಲ್ಲಿ 99 ಪಾಲು ಸುರಕ್ಷಿತವಾದರೂ ಹಣದಲ್ಲಿ ಹೊರಗುಳಿಯುವ ಪಾಲು ಅದಕ್ಕಿಂತ ಬಹಳ ಹೆಚ್ಚಿರಬಹುದು. ಕಾರವಾರ ಅರ್ಬನ್ ಸಹಕಾರಿ ಬ್ಯಾಂಕಿನ ಲೈಸೆನ್ಸು 2025ರ ಜುಲೈಯಲ್ಲಿ ರದ್ದಾದಾಗ ಪೂರ್ತಿ ಹಣಕ್ಕೆ ಅರ್ಹರಾದವರು ನೂರಕ್ಕೆ ಸುಮಾರು 93. ಉಳಿದ 7 ಮಂದಿ ಯಾರು? ಜಮೀನು ಮಾರಿದ ಹಣವನ್ನೋ ನಿವೃತ್ತಿಯ ಇಡಿಗಂಟನ್ನೋ ಒಂದೇ ಕಡೆ ಇಟ್ಟವರು ಅವರಲ್ಲಿರುವುದು ಸಹಜ. 5 ಲಕ್ಷದ ಮೇಲಿನ ಅವರ ಹಣವು ಲಿಕ್ವಿಡೇಟರನು ಬ್ಯಾಂಕಿನ ಸಾಲಗಳನ್ನು ಎಷ್ಟು ವಸೂಲು ಮಾಡುವನೆಂಬುದನ್ನು ಅವಲಂಬಿಸಿರುತ್ತದೆ. ಆ ವಸೂಲಿನಿಂದ ವಿಮಾ ನಿಗಮವೂ ತಾನು ಕೊಟ್ಟುದನ್ನು ಹಿಂದಕ್ಕೆ ಪಡೆಯುವುದು. ಪಂಜಾಬ್ ಮತ್ತು ಮಹಾರಾಷ್ಟ್ರ ಬ್ಯಾಂಕನ್ನು 2022ರ ಜನವರಿಯಲ್ಲಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ಸೇರಿಸಿದಾಗ, ಮಿತಿಯ ಮೇಲಿನ ದೊಡ್ಡ ಠೇವಣಿಗಳನ್ನು 10 ವರ್ಷಗಳವರೆಗೆ ಕಂತುಗಳಲ್ಲಿ ಹಿಂದಿರುಗಿಸುವ ಏರ್ಪಾಡಾಯಿತು. ಅಂಕಿಯಲ್ಲಿ ಅದು ಪೂರ್ತಿ ಪಾವತಿ. 60 ವರ್ಷ ದಾಟಿದವನಿಗೆ ಅದು ಏನೆಂಬುದನ್ನು ವಿವರಿಸಬೇಕಾಗಿಲ್ಲ.

ದೊಡ್ಡ ವಾಣಿಜ್ಯ ಬ್ಯಾಂಕುಗಳ ಅನುಭವ ಬೇರೆಯಾಗಿದೆ. 2020ರ ಮಾರ್ಚಿಯಲ್ಲಿ ಯೆಸ್ ಬ್ಯಾಂಕಿನ ಪಾವತಿ 13 ದಿನ ತಡೆಹಿಡಿಯಲ್ಪಟ್ಟಿತು, ತಲೆಗೆ 50,000 ರೂಪಾಯಿಯ ಮಿತಿಯೊಡನೆ. ಅದೇ ವರ್ಷದ ನವೆಂಬರಿನಲ್ಲಿ ಲಕ್ಷ್ಮೀ ವಿಲಾಸ ಬ್ಯಾಂಕು ಹತ್ತು ದಿನಗಳೊಳಗಾಗಿ ಡಿ.ಬಿ.ಎಸ್. ಬ್ಯಾಂಕಿನಲ್ಲಿ ಸೇರಿತು. ಎರಡರಲ್ಲಿಯೂ ಠೇವಣಿದಾರರ ಅಸಲಿಗೆ ಊನವಾಗಲಿಲ್ಲ. ಲಕ್ಷ್ಮೀ ವಿಲಾಸದ ಷೇರುದಾರರು ಮಾತ್ರ ಎಲ್ಲವನ್ನೂ ಕಳೆದುಕೊಂಡರು. ಷೇರು ಮತ್ತು ಠೇವಣಿಗಳ ಭೇದವನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಠೇವಣಿಯ ಒಂದಂಶವನ್ನು ಬ್ಯಾಂಕಿನ ನಷ್ಟಕ್ಕೆ ಹಚ್ಚುವುದೂ ಉಂಟು: 2013ರಲ್ಲಿ ಸೈಪ್ರಸ್ ದ್ವೀಪದಲ್ಲಿ 1 ಲಕ್ಷ ಯೂರೋಗಳ ಮೇಲಿನ ಠೇವಣಿಗಳಿಗೆ ಹಾಗೆಯೇ ಮಾಡಲಾಯಿತು. ನಮ್ಮಲ್ಲಿ 2017ರ ಒಂದು ಮಸೂದೆಯಲ್ಲಿ ಅಂಥ ಅವಕಾಶವಿದೆಯೆಂದು ಜನರು ಗಾಬರಿಗೊಂಡಿದ್ದರು. ಸರಕಾರವು 2018ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು.

ಇಷ್ಟರವರೆಗೆ ಹೇಳಿದುದೆಲ್ಲ ಕಾನೂನು ಬ್ಯಾಂಕೆಂದು ಒಪ್ಪುವ ಸಂಸ್ಥೆಗಳ ಮಾತು. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು ಇವು ವಿಮೆಯ ಒಳಗಿವೆ. 1959ರ ಸಹಕಾರ ಸಂಘಗಳ ಕಾಯಿದೆಯ ಕೆಳಗಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳೂ 1997ರ ಸೌಹಾರ್ದ ಕಾಯಿದೆಯ ಕೆಳಗಿನ ಪತ್ತಿನ ಸಹಕಾರಿಗಳೂ ವಿಮೆಯ ಹೊರಗಿವೆ. ಅವುಗಳಲ್ಲಿ ಚೆನ್ನಾಗಿ ನಡೆಯುತ್ತಿರುವುವು ಅನೇಕ ಇವೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಆರಂಭವಾದ ಸಹಕಾರ ಸಂಪ್ರದಾಯವನ್ನು ಹಗುರಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಆದರೆ ಅವು ಮುರಿದರೆ 5 ಲಕ್ಷವೂ ಇಲ್ಲ, 5 ರೂಪಾಯಿಯೂ ಇಲ್ಲ. ಊರಿನ ಸಂಘವು ಜನರಿಂದ ಪಡೆದ ಹಣವನ್ನು ಜಿಲ್ಲಾ ಬ್ಯಾಂಕಿನಲ್ಲಿಟ್ಟಿದೆ, ಆದುದರಿಂದ ವಿಮೆ ತಗಲುವುದೆಂದು ವಾದಿಸುವವರುಂಟು. ಜಿಲ್ಲಾ ಬ್ಯಾಂಕಿನ ಪುಸ್ತಕದಲ್ಲಿ ಆ ಸಂಘವು ಒಬ್ಬನೇ ಠೇವಣಿದಾರ. ಊರಿನ ಸಾವಿರ ಮನೆಗಳ ಹಣಕ್ಕೂ ಒಟ್ಟಿಗೆ ಮಿತಿಯು 5 ಲಕ್ಷವೇ.

ಹೊರನೋಟದಿಂದ ಈ ಭೇದವನ್ನು ಗುರುತಿಸುವುದು ಕಷ್ಟ. ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ಪದ್ಧತಿಯು ಇಂದು ಸಂತೆಯ ಅಂಗಡಿಗಳವರೆಗೂ ಹಬ್ಬಿದೆ. ಸಂಜೆ ಬಂದು ಹತ್ತಿಪ್ಪತ್ತು ರೂಪಾಯಿ ಪಡೆದು ರಸೀದಿ ಕೊಡುವವನು ಬ್ಯಾಂಕಿನವನೋ ಸೌಹಾರ್ದ ಸಹಕಾರಿಯವನೋ ಎಂಬುದನ್ನು ತರಕಾರಿ ಮಾರುವ ಹೆಂಗಸು ವಿಚಾರಿಸುವುದಿಲ್ಲ. ಅವನು ಗುರುತಿನವನು, ಬಡ್ಡಿಯೂ ಒಂದೆರಡು ಪಾಲು ಹೆಚ್ಚು. ಆ ಹೆಚ್ಚಿನ ಬಡ್ಡಿಯು ವಿಮೆಯಿಲ್ಲದಿರುವುದಕ್ಕೆ ಅವಳು ಪಡೆಯುತ್ತಿರುವ ಬೆಲೆಯೆಂದು ಅವಳಿಗೆ ಯಾರೂ ಹೇಳಿಲ್ಲ. ಪತ್ತಿನ ಸಂಘಗಳು ತಮ್ಮ ಹೆಸರಿನಲ್ಲಿ ‘ಬ್ಯಾಂಕು’ ಎಂಬ ಪದವನ್ನು ಬಳಸಕೂಡದೆಂದು 2020ರ ತಿದ್ದುಪಡಿಯಲ್ಲಿದೆ; 2021ರ ನವೆಂಬರಿನಲ್ಲಿ ರಿಜರ್ವ್ ಬ್ಯಾಂಕು ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆಯನ್ನೂ ಹೊರಡಿಸಿ, ಅಂಥಲ್ಲಿನ ಠೇವಣಿಗಳಿಗೆ ವಿಮೆಯಿಲ್ಲವೆಂದು ಸ್ಪಷ್ಟಪಡಿಸಿತು. ಹಲಗೆಯ ಮೇಲಿನ ಪದವನ್ನು ಅಳಿಸಬಹುದು. ಜನರ ಮಾತಿನಿಂದ ಅದನ್ನು ಅಳಿಸುವುದು ಸುಲಭವಲ್ಲ.

ವಿಮೆಯ ಹೊರಗಿನ ಹಣಕಾಸು ಸಂಸ್ಥೆಗಳು ಮೋಸ ಮಾಡಿದಾಗ ಅವುಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿ ಹಣವಿಟ್ಟವರಿಗೆ ಹಂಚುವ ಕಾಯಿದೆಯೊಂದನ್ನು ರಾಜ್ಯವು 2004ರಲ್ಲಿ ಮಾಡಿದೆ. ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆ 2019ರದು. ವಿಮೆಯಲ್ಲಿ ಹಣವು ಮೊದಲೇ ಸಿದ್ಧವಿರುತ್ತದೆ. ಮುಟ್ಟುಗೋಲಿನಲ್ಲಿ ಮೊದಲು ಆಸ್ತಿಯನ್ನು ಹುಡುಕಬೇಕು, ಆಮೇಲೆ ಮಾರಬೇಕು, ಆಮೇಲೆ ಹಂಚಬೇಕು. ಪಾಮರ್ ಕಂಪನಿಯ ಸಾಲಿಗರು ನಿಂತಿದ್ದ ಸ್ಥಳಕ್ಕೂ ಇದಕ್ಕೂ ದೂರವು ನಾವು ಎಣಿಸುವಷ್ಟಿಲ್ಲ.

ತನ್ನ ಹಣವಿರುವ ಸಂಸ್ಥೆಯು ವಿಮೆಯ ಒಳಗಿದೆಯೇ ಎಂಬುದನ್ನು ತಿಳಿಯುವ ಮಾರ್ಗ ಸರಳವಾಗಿದೆ. ವಿಮೆಗೆ ಸೇರಿದ ಬ್ಯಾಂಕುಗಳ ಪಟ್ಟಿಯನ್ನು ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮವು ಪ್ರಕಟಿಸಿದೆ. ನೋಂದಣಿಯಾದ ಬ್ಯಾಂಕಿಗೆ ರಕ್ಷಣೆಯ ವಿವರಗಳುಳ್ಳ ಕರಪತ್ರವನ್ನೂ ಕೊಟ್ಟಿರುತ್ತದೆ. ಶಾಖೆಯಲ್ಲಿ ಅದನ್ನು ಕೇಳಿ ನೋಡುವ ಹಕ್ಕು ಗ್ರಾಹಕನಿಗಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಬಹುಮಂದಿ ತಮ್ಮ ಮನೆಯಲ್ಲಿ ಪಾಸ್‌ಬುಕ್ಕನ್ನು ಓದಬಲ್ಲ ಮೊದಲಿಗರು. ಅವರು ಮನೆಯ ಪಾಸ್‌ಬುಕ್ಕಿನ ಮೇಲಿರುವ ಸಂಸ್ಥೆಯ ಪೂರ್ಣ ಹೆಸರನ್ನು ಆ ಪಟ್ಟಿಯೊಡನೆ ಹೋಲಿಸಿ ನೋಡುವುದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು.